ಬಿಚ್ಚದ ತಾಡಪತ್ರಿ

ಕೊಗನೊಳ್ಳಿ ನಾಕಾದಾಗ ಇಪ್ಪತ್ತಾರು ವರ್ಷ
ಲಾರಿ ಗಾಲಿ ಬಡದು ನೋಡೇನಿ.
ಗಾಳಿ ತುಂಬಿದ ಗಾಲಿಗೆ ಒಂದು ದನಿ,
ಬ್ಯಾರೆ ಏನರ ತುಂಬಿದ್ದಕ್ಕ ಇನ್ನೊಂದು.
ತವಂದಿ ಘಾಟ ಇಳದು ಬಂದ ಬ್ರೇಕಿನ ಕಮಟು,
ನಿಪ್ಪಾಣಿ ತಂಬಾಕಿನ ಘಾಟು,
ಇವೆರಡರ ನಡುವ ಸಣ್ಣಗ ಹಾಯ್ದು ಬರೂ
ಪರದೇಶದ ಸಿಗರೇಟಿನ ವಾಸನಿ
ನನ್ನ ಮೂಗಿಗೆ ಗೊತ್ತಿತ್ತು.
ಹಂಗಂತ ನಾನ ಹೇಳಿಕೊಂಡು ತಿರಗತಿದ್ದೆ.

ಕಸ್ಟಮ್ಸ್ ಆಫೀಸಿನಿಂದ ಒಬ್ಬಾಕಿ ಬಂದಳು, ಶಾಲ್ಮಲಾ ಹಂಜಿ.
ಹೆಗಲಿಗೆ ಲ್ಯಾಪ್‌ಟಾಪು, ಕೈಯಾಗ ಬುತ್ತಿ ಡಬ್ಬಿ.
"ಹಳೇ ರಜಿಸ್ಟರು ಎಲ್ಲಾ ಬೇಕ್ರಿ ಕಾಕಾ."
ಹದಿನೇಳು ತಗದು ಕೊಟ್ಟೆ.
ಒಂದಕ್ಕ ಗೆದ್ದಲ ಹತ್ತಿ
ಒಂದು ಮಳಿಗಾಲ ಪೂರಾ ತಿಂದಿತ್ತು.
"ಇರ್ಲಿ ಬಿಡ್ರಿ, ಖಾಲಿ ಬಿಡೂಣು."

ಹನ್ನೆರಡು ದಿನ ಟೈಪ್ ಮಾಡಿದಳು.
ಗಾಡಿ ನಂಬರು, ಚಾಲಕನ ಹೆಸರು, ಮಾಲು, ತೂಕ,
ಎಲ್ಲಿಂದ, ಎಲ್ಲಿಗೆ, ಎಷ್ಟೊತ್ತಿಗೆ.
ಕಡೀ ಕಾಲಮ್ಮು: ಸಿಕ್ಕಿತೋ, ಇಲ್ಲೋ.
ಇಷ್ಟರ ಮ್ಯಾಲ ಯಂತ್ರ ಕಲೀತೈತೆಂತ,
ನನ್ನ ಮೊಮ್ಮಗಳು ಮಗ್ಗಿ ಕಲತಂಗ.

ಈಗ ಗಾಡಿ ನಾಕಾ ಮುಟ್ಟೂದರೊಳಗ
ಪರದಿ ಮ್ಯಾಲ ಒಂದು ಅಂಕಿ ಬೀಳತೈತಿ.
ಹಸರು ಇದ್ರ ಹೋಗು.
ಹಳದಿ ಇದ್ರ ಕಾಗದ ತೋರಸು.
ಕೆಂಪು ಇದ್ರ ಹಗ್ಗ ಬಿಚ್ಚು.

ಸುಳ್ಳು ಹೇಳಬಾರದು,
ಮೊದಲನೇ ವಾರದಾಗ, ನನ್ನ ಮೂಗಿಗೆ ಹತ್ತಲಾರದ್ದನ್ನ ಅದು ಹಿಡೀತು.
ಮುಂಬಯಿ ಬಂದರದಿಂದ ಬಂದ ಒಣದ್ರಾಕ್ಷಿ ಡಬ್ಬಿ,
ಹೋಗೂ ಊರು ತಿಕೋಟಾ.
ದ್ರಾಕ್ಷಿ ಒಣಗಿಸೂ ಊರಿಗೆ ಒಣದ್ರಾಕ್ಷಿ,
ಅದೂ ಇಷ್ಟು ಸುತ್ತು ಹಾಕಿ!
ಹೊಳಿಗೆ ನೀರು ಹೊತ್ತಂಗ.
ಕೈಮುಗದೆ, ಡಬ್ಬಿಗಲ್ಲ, ಪರದಿಗೆ.

ಆಮ್ಯಾಲ ಒಂದು ಗಾಡಿ. ಚಿಕ್ಕೋಡಿ ನಂಬರು.
ಚಾಲಕ ದಸ್ತಗೀರ ನದಾಫ.
ಉದ್ಯಮಬಾಗದಿಂದ ಪಂಪಿನ ಎರಕ ಹೇರಿಕೊಂಡು
ಕೊಲ್ಲಾಪುರಕ್ಕ ಹೋಗಾಂವ.
ಕೆಂಪು.
ಬಿಚ್ಚಿಸಿದೆ. ಎರಕ.
ಮರುವಾರ ಕೆಂಪು. ಎರಕ.
ಮೂರನೇ ಸರ್ತಿ, ನಾ ಹೇಳೂಕಿಂತ ಮೊದಲ
ಆತ ಇಳದು ಹಗ್ಗ ಬಿಚ್ಚಾಕ ಹತ್ತಿದ.
ನೋಡಲಾರದ ನಾನು ಒಳಗ ಬಂದೆ.

"ಯಾಕವ್ವಾ, ಇವನೊಬ್ಬಗ?"
ಶಾಲ್ಮಲಾ ಪಟ್ಟಿ ತಗದಳು.
"ಇವರನ್ನ ನಲವತ್ತೊಂದು ಸಲ ನಿಲ್ಲಿಸ್ಯಾರ."
ನಿಲ್ಲಿಸೀರಿ ಅನ್ನಲಿಲ್ಲ. ದೊಡ್ಡ ಮನಸು.
"ಸಿಕ್ಕಿದ್ದು ಒಂದು ಸಲ, ಎರಡು ಬಾಟ್ಲಿ ಅತ್ತರು.
ಮಗಳ ಮದವಿಗೆ ಅಂತ ನೀವ ಬರದೀರಿ.
ನಿಲ್ಲಿಸಿದ್ದನ್ನೆಲ್ಲ ಯಂತ್ರ ಸಂಶೇ ಅಂತ ಓದೈತ್ರಿ.
ಮತ್ತ ನಿಲ್ಲಸಲಾರದ ಗಾಡಿಗೆ ಸಾಲ ಇಲ್ಲ."

ಆ ರಾತ್ರಿ ನನ್ನ ಅಕ್ಷರ ನಾನ ಓದಿದೆ.
ನದಾಫ, ಮುಜಾವರ, ಮತ್ತ ನದಾಫ,
ಒಬ್ಬ ಶಿಕಲಗಾರ, ಮತ್ತ ಮುಜಾವರ.
"ಸಾಹೇಬ್ರ, ಚಾ ಆತ್ರಿ?" ಅಂದವರು,
ನನ್ನ ಊರ ಕಡೆಯವರು, ಬೀಗರ ಪರಿಚಯದವರು,
ಕೈ ಬೀಸಿ ಕಳಿಸಿದ ಸಾವಿರಗಟ್ಟಲೆ ಗಾಡಿ
ಯಾವ ಹಾಳಿಯೊಳಗೂ ಇಲ್ಲ.
ಆ ತಾಡಪತ್ರಿ ಕೆಳಗ ಏನಿತ್ತೋ
ಯಂತ್ರಕ್ಕ ಹೆಂಗ ಗೊತ್ತಾಗಬೇಕು?
ಗೆದ್ದಲ ತಿಂದದ್ದು ಒಂದ ಮಳಿಗಾಲ.
ಉಳಿದದ್ದು ನಾನು ತಿಂದೇನಿ.
ಮೂಗು ಅಂತಿದ್ದೆನಲ್ಲ,
ಅದು ಹೆಸರು ಓದೂ ಕಣ್ಣು.

ಮುಂಜಾನಿ ಆಕಿಗೆ ಹೇಳಿದೆ, ಹೇಳೂದರಾಗ ಚಾ ಆರಿತು.
ಆಕಿ ಬೈಲಿಲ್ಲ. ಒಂದು ನೇಮ ಕೂಡಿಸಿದಳು:
ನೂರಕ್ಕ ಎರಡು ಗಾಡಿ, ಚೀಟಿ ಎತ್ತಿದಂಗ,
ಯಾವ ಬಣ್ಣ ಇರಲಿ, ಯಾರದ ಇರಲಿ.

ಮೊದಲನೇ ಚೀಟಿ ಬಾಳಗೌಡನ ಬೆಲ್ಲದ ಗಾಡಿ.
"ಸಾಹೇಬ್ರ, ನಾನ್ರೀ!"
"ಹೌದು. ಬಿಚ್ಚು."
ಇಪ್ಪತ್ತಾರು ವರ್ಷದ ಗಂಟು, ಬಿಚ್ಚಾಕ ಹೊತ್ತಾತು.
ಕೆಳಗ ಬೆಲ್ಲನ ಇತ್ತು.
ಕಡೀ ಕಾಲಮ್ಮಿನ್ಯಾಗ 'ಇಲ್ಲ' ಅಂತ ಬರದೆ,
ಆ ಹೆಸರಿನ ಮುಂದ ಮೊದಲನೇ ಸಲ.

ಶುಕ್ರವಾರ ನದಾಫನ ಗಾಡಿ ಹಳದಿ ಬಂತು.
ಹಸರಾಗಾಕ ಇನ್ನೂ ಎಷ್ಟು ಸಾಲ ಬೇಕೋ.
ಆತ ರೂಢಿ ಮ್ಯಾಲ ಇಳದು
ಹಗ್ಗಕ್ಕ ಕೈ ಹಾಕಿದ.
ಬ್ಯಾಡ ಅನ್ನಾಕ
ನನಗ ದನಿ ಸಿಗೂದು ತಡ ಆತು.